ಪಶುಚಿಕಿತ್ಸೆಯಲ್ಲಿ ಯಾರ ಕೆಲಸ ಯಾವುದು?

ಅಜ್ಜಂಪುರ, ಕಡೂರು, ತರೀಕೆರೆ ಸೀಮೆಗಳ ರೈತರಿಗೆ ಎತ್ತುಗಳ ಮೇಲೆ ಮೊದಲಿನಿಂದಲೂ ವಿಶೇಷವಾದ ಅಭಿಮಾನ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿ, ಟಿಪ್ಪುವಿನ ಕಾಲದಲ್ಲಿ ‘ಅಮೃತಮಹಲ್’ ಎಂದು ಹೆಸರಾದ ರಾಸುಗಳ ಕಾವಲುಗಳು ಈ ಸೀಮೆಯಲ್ಲಿವೆ. ಆ ತಳಿಯ ಸಂವರ್ಧನಾ ಕೇಂದ್ರವೂ ಅಜ್ಜಂಪುರದಲ್ಲಿಯೇ ಇದೆ. ಪ್ರತಿವರ್ಷ ಫೆಬ್ರವರಿ ತಿಂಗಳ ಸುಮಾರಿಗೆ ನಡೆಯುವ ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ದೂರದೂರದ ಊರುಗಳ ಜನರು ಇಂದಿಗೂ ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಒಳ್ಳೆಯ ಒಂದು ಜೊತೆ ಎತ್ತಿನ ಬೆಲೆ ಸಣ್ಣ ಹಿಡುವಳಿದಾರನ ಒಂದು ವರ್ಷದ ಉತ್ಪನ್ನಕ್ಕೆ ಸಮನಾಗಬಹುದು. ಹಾಲಿನ ಡೈರಿಯ ಬಟವಾಡೆಯ ಮೇಲೆ ಸಂಸಾರ ನಡೆಸುವ ಮನೆಗಳಲ್ಲಿ ಮಿಶ್ರತಳಿಯ ಹಸುವಿನ ಮಾತೂ ಹಾಗೆಯೇ.

ಇಂತಹ ರಾಸು ಮೇವು ಬಿಟ್ಟು ನಿಂತಾಗ ರೈತನು ಯಾರನ್ನು ಕರೆಯಬೇಕು? ಹಳ್ಳಿಯಲ್ಲಿ ಚೀಲ ಹಿಡಿದು ಬರುವವರೆಲ್ಲರನ್ನೂ ‘ದನದ ಡಾಕ್ಟರು’ ಎಂದು ಕರೆಯುವುದು ವಾಡಿಕೆ. ಆದರೆ ಬರುವವರು ಪದವೀಧರ ಪಶುವೈದ್ಯರಿರಬಹುದು. ಇಲಾಖೆಯ ಪಶುವೈದ್ಯಕೀಯ ಪರೀಕ್ಷಕರಿರಬಹುದು. ಕೃತಕ ಗರ್ಭಧಾರಣೆಯ ಕಾರ್ಯಕರ್ತರಿರಬಹುದು. ಯಾವ ತರಬೇತಿಯೂ ಇಲ್ಲದೆ ಸೂಜಿ ಹಿಡಿದವರೂ ಇರಬಹುದು. ಇವರಲ್ಲಿ ಯಾರು ಯಾವ ಕೆಲಸ ಮಾಡಬಹುದೆಂದು ಕಾಯಿದೆಯು ಗೊತ್ತುಮಾಡಿದೆ. ಅದನ್ನು ರೈತರು ತಿಳಿದಿದ್ದರೆ ರಾಸುವಿನ ಪ್ರಾಣವೂ ಉಳಿಯುತ್ತದೆ, ಪರಿಹಾರ ಮತ್ತು ವಿಮೆಯ ಹಣವೂ ಕೈತಪ್ಪುವುದಿಲ್ಲ. ಈ ಕಾಯಿದೆಯಲ್ಲಿ ಕಾಲಕ್ಕೆ ತಕ್ಕಂತೆ ತಿದ್ದಬೇಕಾದ ಅಂಶಗಳೂ ಇವೆ.

ಹಿಂದಿನ ವ್ಯವಸ್ಥೆ

ಪದವೀಧರ ಪಶುವೈದ್ಯರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಹಳ್ಳಿಗಳ ಜಾನುವಾರು ಆರೋಗ್ಯದ ಹೊಣೆ ಬಹುಮಟ್ಟಿಗೆ ಸ್ಟಾಕ್‌ಮನ್ ಮತ್ತು ಪಶುವೈದ್ಯ ಸಹಾಯಕರ ಮೇಲಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜು ಆರಂಭವಾದದ್ದು 1958ರಲ್ಲಿ. ಅಲ್ಲಿಂದ ಹೊರಬಂದ ಪದವೀಧರರು ತಾಲ್ಲೂಕು ಹೋಬಳಿಗಳನ್ನು ತಲುಪಲು ವರ್ಷಗಳೇ ಹಿಡಿದವು.

ಆ ಕೆಳಹಂತದ ಸಿಬ್ಬಂದಿ ಮಾಡಿದ ಕೆಲಸ ಸಣ್ಣದಲ್ಲ. ಒಂದು ಕಾಲದಲ್ಲಿ ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗದ ವಿರುದ್ಧ ಊರೂರು ತಿರುಗಿ ಲಸಿಕೆ ಹಾಕಿದವರಲ್ಲಿ ಅವರೇ ಹೆಚ್ಚಿನವರು. ಭಾರತವು 2006ರಲ್ಲಿ ಆ ರೋಗದಿಂದ ಮುಕ್ತವೆಂದು ಮಾನ್ಯತೆ ಪಡೆಯಿತು. 2011ರಲ್ಲಿ ಇಡೀ ಪ್ರಪಂಚವೇ ಮುಕ್ತವಾದುದಾಗಿ ಘೋಷಣೆಯಾಯಿತು. ತರಬೇತಿ ಪಡೆದ ಕೈ, ಮೇಲೆ ಒಬ್ಬ ತಜ್ಞನ ಮಾರ್ಗದರ್ಶನ, ಸರಿಯಾದ ಲಸಿಕೆ ಮೂರೂ ಕೂಡಿದಾಗ ಏನಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

1984ರ ಕಾಯಿದೆ

ಪಶುವೈದ್ಯ ವೃತ್ತಿಯನ್ನು ದೇಶದಾದ್ಯಂತ ಒಂದೇ ನಿಯಮದಡಿ ತರುವ ಸಲುವಾಗಿ ಸಂಸತ್ತು 1984ರಲ್ಲಿ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯನ್ನು ಅಂಗೀಕರಿಸಿತು. ಇದರಂತೆ ದೆಹಲಿಯಲ್ಲಿ ಭಾರತೀಯ ಪಶುವೈದ್ಯ ಪರಿಷತ್ತೂ, ರಾಜ್ಯಗಳಲ್ಲಿ ರಾಜ್ಯ ಪರಿಷತ್ತುಗಳೂ ಏರ್ಪಟ್ಟವು. ನಮ್ಮಲ್ಲಿ ಕರ್ನಾಟಕ ಪಶುವೈದ್ಯ ಪರಿಷತ್ತು ಇದೆ. ಮಾನ್ಯತೆ ಪಡೆದ ಪಶುವೈದ್ಯ ಪದವಿ ಉಳ್ಳವರು ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿ ಸಂಖ್ಯೆ ಪಡೆಯುತ್ತಾರೆ. 2016ರ ಶಿಕ್ಷಣ ನಿಯಮಗಳ ಪ್ರಕಾರ ಈ ಪದವಿಯ ಅವಧಿ ಒಂದು ವರ್ಷದ ಪ್ರಾಯೋಗಿಕ ತರಬೇತಿಯೂ ಸೇರಿ ಐದೂವರೆ ವರ್ಷ.

ಈ ಕಾಯಿದೆಯ 30ನೆಯ ಕಲಮು ರೈತರಿಗೆ ಮುಖ್ಯವಾದುದು. ಅದರ ಪ್ರಕಾರ ನೋಂದಾಯಿತ ಪಶುವೈದ್ಯರಿಗೆ ಮಾತ್ರ ಮೀಸಲಾದ ವಿಷಯಗಳು ನಾಲ್ಕು:

1. ಸರ್ಕಾರದ ಅಥವಾ ಸ್ಥಳೀಯ ಸಂಸ್ಥೆಗಳ ಆಸ್ಪತ್ರೆಗಳಲ್ಲಿ ಪಶುವೈದ್ಯರ ಹುದ್ದೆ ಹೊಂದುವುದು.
2. ಪಶುವೈದ್ಯ ವೃತ್ತಿಯನ್ನು ನಡೆಸುವುದು, ಎಂದರೆ ರೋಗ ಪತ್ತೆಹಚ್ಚಿ ಚಿಕಿತ್ಸೆ ಕೊಡುವುದು.
3. ಜಾನುವಾರುಗಳ ಆರೋಗ್ಯ ಪತ್ರಕ್ಕೆ, ಹಾಗೂ ಯಾವುದೇ ಕಾನೂನಿನಂತೆ ಪಶುವೈದ್ಯರೇ ಕೊಡಬೇಕಾದ ಪ್ರಮಾಣಪತ್ರಕ್ಕೆ ರುಜು ಹಾಕುವುದು.
4. ಪಶುವೈದ್ಯ ವಿಷಯದಲ್ಲಿ ನ್ಯಾಯಾಲಯದ ಮುಂದೆ ತಜ್ಞರಾಗಿ ಸಾಕ್ಷಿ ನುಡಿಯುವುದು.

1992ರಲ್ಲಿ ಪರಿಷತ್ತು ಪಶುವೈದ್ಯರ ನಡವಳಿಕೆಗೆ ಸಂಬಂಧಿಸಿದ ನಿಯಮಗಳನ್ನೂ ಹೊರಡಿಸಿತು. ವೃತ್ತಿಗೆ ತಕ್ಕುದಲ್ಲದ ನಡತೆ ರುಜುವಾತಾದರೆ ನೋಂದಣಿ ಪುಸ್ತಕದಿಂದ ಹೆಸರನ್ನು ತೆಗೆದುಹಾಕಲು ಅವಕಾಶವಿದೆ. ಆದ್ದರಿಂದ ಪಶುವೈದ್ಯರೊಬ್ಬರ ಕೆಲಸದ ಬಗ್ಗೆ ದೂರಿದ್ದರೆ ಹೇಳಿಕೊಳ್ಳಲು ರೈತರಿಗೆ ಒಂದು ಜಾಗವಿದೆ.

‘ಸಣ್ಣಪುಟ್ಟ ಸೇವೆ’ ಎಂದರೇನು?

ಎಲ್ಲ ಕೆಲಸಕ್ಕೂ ಪದವೀಧರರೇ ಬೇಕೆಂದರೆ ಹಳ್ಳಿಯಲ್ಲಿ ಕೆಲಸ ನಿಂತುಹೋಗುತ್ತದೆ. ಇದನ್ನು ಮನಗಂಡು ಕಾಯಿದೆಯು ಅದೇ ಕಲಮಿನಲ್ಲಿ ಒಂದು ವಿನಾಯಿತಿಯನ್ನು ಇಟ್ಟಿದೆ. ಪಶುವೈದ್ಯ ಮೇಲ್ವಿಚಾರಕ, ಸ್ಟಾಕ್‌ಮನ್ ಅಥವಾ ಸ್ಟಾಕ್ ಸಹಾಯಕ ಎಂಬ ಡಿಪ್ಲೊಮಾ ಇಲ್ಲವೆ ಪ್ರಮಾಣಪತ್ರ ಪಡೆದವರಿಗೆ ರಾಜ್ಯ ಸರ್ಕಾರವು ಆದೇಶದ ಮೂಲಕ ‘ಸಣ್ಣಪುಟ್ಟ ಪಶುವೈದ್ಯ ಸೇವೆ’ ಮಾಡಲು ಅನುಮತಿ ಕೊಡಬಹುದು. ಆ ಸೇವೆಯು ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆ ಮತ್ತು ನಿರ್ದೇಶನದಲ್ಲಿ ನಡೆಯತಕ್ಕದ್ದು.

ಇಂತಹ ಸೇವೆಗೆ ಕಾಯಿದೆಯೇ ಮೂರು ಉದಾಹರಣೆಗಳನ್ನು ಕೊಟ್ಟಿದೆ: ಲಸಿಕೆ ಹಾಕುವುದು, ಹೋರಿಗಳ ಬೀಜ ಒಡೆಯುವುದು, ಗಾಯಕ್ಕೆ ಔಷಧಿ ಹಚ್ಚಿ ಕಟ್ಟುವುದು. ಇವಲ್ಲದೆ ಬೇರೆ ಯಾವ ಪ್ರಥಮೋಪಚಾರ ಅಥವಾ ಯಾವ ಕಾಯಿಲೆಗಳ ಚಿಕಿತ್ಸೆಯನ್ನು ಸೇರಿಸಬೇಕೆಂಬುದನ್ನು ರಾಜ್ಯ ಸರ್ಕಾರವು ರಾಜ್ಯಪತ್ರದಲ್ಲಿ ಪ್ರಕಟಿಸಿ ಗೊತ್ತುಪಡಿಸಬಹುದು.

ಈ ವಿನಾಯಿತಿಯ ವ್ಯಾಪ್ತಿಯ ಬಗ್ಗೆ ಎದ್ದ ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2007ರಲ್ಲಿ ಉದಯಸಿಂಗ್ ಡಾಗರ್ ಮೊಕದ್ದಮೆಯಲ್ಲಿ ನ್ಯಾಯಾಲಯವು ಕಾಯಿದೆಯ ನಿರ್ಬಂಧಗಳನ್ನು ಎತ್ತಿಹಿಡಿಯಿತು. ವೃತ್ತಿ ನಡೆಸುವ ಹಕ್ಕಿಗೆ ಕಾನೂನು ತಕ್ಕ ಅರ್ಹತೆಯನ್ನು ವಿಧಿಸಬಹುದು ಎಂಬುದು ಆ ತೀರ್ಪಿನ ಸಾರ.

ನಮ್ಮ ರಾಜ್ಯದಲ್ಲಿ ಬೀದರ್‌ನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್‌ಗಳು ಪಶುಸಂಗೋಪನೆಯ ಡಿಪ್ಲೊಮಾ ಶಿಕ್ಷಣ ನೀಡುತ್ತವೆ. ಇದಲ್ಲದೆ ರಾಷ್ಟ್ರೀಯ ಗೋಕುಲ್ ಮಿಷನ್ ಅಡಿಯಲ್ಲಿ ‘ಮೈತ್ರಿ’ ಕಾರ್ಯಕರ್ತರಿಗೆ ಮನೆ ಬಾಗಿಲಿನಲ್ಲಿ ಕೃತಕ ಗರ್ಭಧಾರಣೆ ಮಾಡುವ ತರಬೇತಿಯನ್ನು ಕೊಡಲಾಗುತ್ತಿದೆ. ಈ ತರಬೇತಿಯ ಅವಧಿ ಮೂರು ತಿಂಗಳು. ಗರ್ಭಧಾರಣೆ ಮಾಡುವ ನೈಪುಣ್ಯವನ್ನು ಚಿಕಿತ್ಸೆ ಮಾಡುವ ಅರ್ಹತೆಯೆಂದು ರೈತರು ತಪ್ಪಾಗಿ ತಿಳಿಯಬಾರದು.

ಈ ಗಡಿ ಏಕೆ ಬೇಕು?

ಇದು ಹುದ್ದೆ ಹುದ್ದೆಗಳ ನಡುವಿನ ಹಗ್ಗಜಗ್ಗಾಟವೆಂದು ಕೆಲವರು ಭಾವಿಸುವುದುಂಟು. ಆದರೆ ಪ್ರತಿಯೊಂದು ಗಡಿಯ ಹಿಂದೆಯೂ ರಾಸುವಿನ ದೇಹಕ್ಕೆ ಸಂಬಂಧಿಸಿದ ಕಾರಣವಿದೆ.

ಹಾಲುಜ್ವರ: ಕರು ಹಾಕಿದ ಒಂದೆರಡು ದಿನಗಳಲ್ಲಿ ಹೆಚ್ಚು ಹಾಲು ಕೊಡುವ ಹಸು ನೆಲಹಿಡಿದು, ಕುತ್ತಿಗೆಯನ್ನು ಪಕ್ಕಕ್ಕೆ ಹೊರಳಿಸಿ ಮಲಗುತ್ತದೆ. ರಕ್ತದಲ್ಲಿ ಸುಣ್ಣದ ಅಂಶ ಇಳಿದುಹೋಗುವುದೇ ಇದಕ್ಕೆ ಕಾರಣ. ಸುಣ್ಣದ ಲವಣದ ದ್ರಾವಣವನ್ನು ರಕ್ತನಾಳಕ್ಕೆ ಕೊಟ್ಟರೆ ಹಸು ಕೆಲವೇ ಹೊತ್ತಿನಲ್ಲಿ ಎದ್ದು ನಿಲ್ಲುತ್ತದೆ. ನೋಡುವವರಿಗೆ ಇದು ಸುಲಭದ ಕೆಲಸ. ಆದರೆ ಅದೇ ದ್ರಾವಣವನ್ನು ಅವಸರದಿಂದ ಹರಿಸಿದರೆ ಹೃದಯವೇ ನಿಂತುಹೋಗಬಹುದು. ಎದೆಬಡಿತವನ್ನು ಆಲಿಸುತ್ತಾ ನಿಧಾನವಾಗಿ ಕೊಡಬೇಕು. ಬಡಿತ ತಪ್ಪಿದೊಡನೆ ನಿಲ್ಲಿಸಬೇಕು. ಹಸು ಮಲಗಿರುವುದು ಹಾಲುಜ್ವರದಿಂದಲೋ, ಸೊಂಟದ ಪೆಟ್ಟಿನಿಂದಲೋ, ಗರ್ಭಕೋಶದ ನಂಜಿನಿಂದಲೋ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಕಷ್ಟದ ಹೆರಿಗೆ: ನೀರಿನ ಚೀಲ ಒಡೆದು ಒಂದೆರಡು ಗಂಟೆ ಕಳೆದರೂ ಕರು ಮುಂದಕ್ಕೆ ಸರಿಯದಿದ್ದರೆ ಪಶುವೈದ್ಯರನ್ನು ಕರೆಸಬೇಕು. ಕರುವಿನ ತಲೆ ಹಿಂದಕ್ಕೆ ಮಡಿಸಿಕೊಂಡಿದ್ದಾಗ ಹಗ್ಗ ಕಟ್ಟಿ ನಾಲ್ಕು ಜನ ಎಳೆದರೆ ಗರ್ಭಕೋಶ ಹರಿದು ತಾಯಿ, ಕರು ಎರಡೂ ಸಾಯುವ ಸಂಭವವಿದೆ.

ನೆರಡಿ ರೋಗ: ಇದ್ದಕ್ಕಿದ್ದಂತೆ ಸತ್ತ ದನದ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತಿದ್ದರೆ ನೆರಡಿಯೆಂದು ಸಂಶಯಿಸಬೇಕು. ಅಂತಹ ಹೆಣವನ್ನು ಸೀಳಿದರೆ ಗಾಳಿಯ ಸಂಪರ್ಕದಿಂದ ರೋಗಾಣುಗಳು ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತವೆ. ಮನುಷ್ಯರಿಗೂ ಅಂಟುತ್ತವೆ. ಸೀಳಬೇಕೋ ಬೇಡವೋ ಎಂದು ನಿರ್ಧರಿಸಬೇಕಾದವರು ಪಶುವೈದ್ಯರು.

ಕಂದು ರೋಗದ ಲಸಿಕೆ: ಇದನ್ನು ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಮಾತ್ರ ಹಾಕುತ್ತಾರೆ. ಇದರಲ್ಲಿ ಜೀವಂತ ರೋಗಾಣುಗಳಿರುವುದರಿಂದ ಸೂಜಿ ಜಾರಿ ಕೈಗೆ ಚುಚ್ಚಿದರೆ ಹಾಕುವವರಿಗೇ ರೋಗ ತಗಲಬಹುದು. ‘ಸಣ್ಣಪುಟ್ಟ’ ಎನಿಸಿದ ಸೇವೆಯಲ್ಲಿಯೂ ತರಬೇತಿ ಎಷ್ಟು ಅಗತ್ಯವೆಂಬುದು ಇದರಿಂದ ತಿಳಿಯುತ್ತದೆ.

ಔಷಧಿಗಳು: ಕೆಚ್ಚಲು ಬಾವು ಬಂದಾಗ ಅಂಗಡಿಯಿಂದ ಜೀವಿನಿರೋಧಕ ಔಷಧಿ ತಂದು ಎರಡು ದಿನ ಹಾಕಿ ಬಿಟ್ಟುಬಿಡುವ ಅಭ್ಯಾಸವಿದೆ. ಇದರಿಂದ ರೋಗಾಣುಗಳು ಔಷಧಿಗೆ ಬಗ್ಗದಂತಾಗುತ್ತವೆ. ಔಷಧಿಯ ಅಂಶ ಹಾಲಿನ ಮೂಲಕ ಮಕ್ಕಳ ಹೊಟ್ಟೆ ಸೇರುತ್ತದೆ. ಔಷಧಿಯ ಮೇಲೆ ಬೇರೆ ಅವಧಿಯನ್ನು ಸೂಚಿಸದಿದ್ದರೆ ಕೊನೆಯ ಚುಚ್ಚುಮದ್ದಿನ ನಂತರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ ಕನಿಷ್ಠ 28 ದಿನ ಬಿಡಬೇಕೆಂದು ಔಷಧಿ ನಿಯಮಗಳು ಹೇಳುತ್ತವೆ. ನೋವುನಿವಾರಕಗಳಲ್ಲಿ ಡೈಕ್ಲೋಫೆನಾಕ್ ಅನ್ನು ಜಾನುವಾರುಗಳಿಗೆ ಬಳಸುವುದನ್ನು 2006ರಲ್ಲಿಯೂ, ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳನ್ನು 2023ರಲ್ಲಿಯೂ ನಿಷೇಧಿಸಲಾಯಿತು. ಇವನ್ನು ಪಡೆದ ದನದ ಹೆಣವನ್ನು ತಿಂದ ರಣಹದ್ದುಗಳು ಸಾಯುವುದೇ ಇದಕ್ಕೆ ಕಾರಣ. ಹೀಗೆ ನಿಯಮ ಬದಲಾದದ್ದು ಅಂಗಡಿಯವರ ಮಾತಿನ ಮೇಲೆ ಔಷಧಿ ಕೊಳ್ಳುವ ರೈತರಿಗೆ ತಿಳಿಯುವುದು ಕಷ್ಟ.

ಪ್ರಮಾಣಪತ್ರದ ಬೆಲೆ

ರುಜುವಿನ ವಿಷಯವನ್ನು ರೈತರು ಹಗುರವಾಗಿ ಎಣಿಸಬಾರದು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹಬ್ಬಿದಾಗ ಜಾನುವಾರು ಜಾತ್ರೆ, ಸಂತೆಗಳನ್ನು ನಿಲ್ಲಿಸಬೇಕಾಯಿತು. ರೋಗದಿಂದ ಸತ್ತ ಹಸುವಿಗೆ 20,000 ರೂಪಾಯಿ, ಎತ್ತಿಗೆ 30,000 ರೂಪಾಯಿ, ಕರುವಿಗೆ 5,000 ರೂಪಾಯಿ ಪರಿಹಾರವನ್ನು ಸರ್ಕಾರ ಗೊತ್ತುಮಾಡಿತು. ಇಂತಹ ಸಂದರ್ಭಗಳಲ್ಲಿ ರಾಸು ಸತ್ತದ್ದು ಆ ರೋಗದಿಂದಲೇ ಎಂದು ಪಶುವೈದ್ಯರು ದೃಢೀಕರಿಸಬೇಕು. ಜಾನುವಾರು ವಿಮೆಯ ಹಣಕ್ಕೂ ಕಿವಿಯ ಬಿಲ್ಲೆಯ ಸಂಖ್ಯೆ ನಮೂದಾದ ಪಶುವೈದ್ಯರ ಪತ್ರ ಬೇಕು. ಬೇರೆಯವರಿಂದ ಚಿಕಿತ್ಸೆ ಮಾಡಿಸಿ, ರಾಸು ಸತ್ತು ಹೂತುಹಾಕಿದ ಮೇಲೆ ಪಶುವೈದ್ಯರ ಬಳಿಗೆ ಹೋದರೆ ಅವರು ಕಾಣದ ಸಾವಿಗೆ ರುಜು ಹಾಕುವಂತಿಲ್ಲ.

ರಾಸುಗಳನ್ನು ಲಾರಿಯಲ್ಲಿ ಅಥವಾ ರೈಲಿನಲ್ಲಿ ಸಾಗಿಸುವಾಗಲೂ, ಅವು ಪ್ರಯಾಣಕ್ಕೆ ಯೋಗ್ಯವಾಗಿವೆ ಮತ್ತು ಅಂಟುರೋಗದಿಂದ ಮುಕ್ತವಾಗಿವೆ ಎಂಬ ಪಶುವೈದ್ಯರ ಪತ್ರ ಜೊತೆಯಲ್ಲಿರಬೇಕೆಂದು 1978ರ ಪ್ರಾಣಿ ಸಾಗಾಣಿಕೆ ನಿಯಮಗಳು ವಿಧಿಸಿವೆ.

ತಿದ್ದುಪಡಿ ಎಲ್ಲಿ ಬೇಕು?

1984ರ ಕಾಯಿದೆಯು ಮೇಲಿನ ಹಂತವನ್ನು ಚೆನ್ನಾಗಿ ಕಟ್ಟಿದೆ. ಎರಡನೆಯ ಹಂತದ ಬಗ್ಗೆ ಅದರಲ್ಲಿರುವುದು ಒಂದು ವಿನಾಯಿತಿ ಮಾತ್ರ. ಹಳ್ಳಿಯ ರೈತನಿಗೆ ಮೊದಲು ಸಿಗುವವರಾದರೋ ಈ ಎರಡನೆಯ ಹಂತದವರೇ. ಆದ್ದರಿಂದ ಕೆಳಗಿನ ನಾಲ್ಕು ಅಂಶಗಳು ಪರಿಶೀಲನೆಗೆ ಅರ್ಹವಾಗಿವೆ.

ಮೊದಲನೆಯದು ನೋಂದಣಿ. ಕಾಯಿದೆಯಲ್ಲಿ ನೋಂದಣಿ ಪುಸ್ತಕವಿರುವುದು ಪಶುವೈದ್ಯರಿಗೆ ಮಾತ್ರ. ಡಿಪ್ಲೊಮಾ ಪಡೆದು ಇಲಾಖೆಯ ಹೊರಗೆ ಕೆಲಸ ಮಾಡುವವರಿಗೂ, ಏನೂ ಕಲಿಯದೆ ಸೂಜಿ ಹಿಡಿದವರಿಗೂ ಇರುವ ವ್ಯತ್ಯಾಸವನ್ನು ರೈತನು ಗುರುತಿಸುವುದು ಹೇಗೆ? ಹಿಮಾಚಲ ಪ್ರದೇಶವು 2010ರಲ್ಲಿಯೇ ಪಶುವೈದ್ಯ ಸಹಾಯಕ ವೃತ್ತಿಯವರಿಗಾಗಿ ಪ್ರತ್ಯೇಕ ಪರಿಷತ್ತಿನ ಕಾಯಿದೆ ಮಾಡಿತು. ಮನುಷ್ಯರ ಆಸ್ಪತ್ರೆಗಳ ತಂತ್ರಜ್ಞರು ಮೊದಲಾದವರಿಗೆ ಸಂಸತ್ತು 2021ರಲ್ಲಿ ರಾಷ್ಟ್ರೀಯ ಆಯೋಗ ಮತ್ತು ನೋಂದಣಿಯ ಏರ್ಪಾಡು ಮಾಡಿತು. ಜಾನುವಾರುಗಳ ಸೇವೆಯಲ್ಲಿರುವ ತಂತ್ರಜ್ಞರಿಗೂ ಇಂತಹ ಪುಸ್ತಕವಿದ್ದರೆ ಅವರ ಗೌರವವೂ ಹೆಚ್ಚುತ್ತದೆ, ಹೊಣೆಯೂ ಹೆಚ್ಚುತ್ತದೆ.

ಎರಡನೆಯದು ಮೇಲ್ವಿಚಾರಣೆಯ ಅರ್ಥ. ಪಶುವೈದ್ಯರು ಕೊಟ್ಟಿಗೆಯಲ್ಲಿಯೇ ಇರಬೇಕೇ? ದೂರವಾಣಿಯಲ್ಲಿ ಹೇಳಿದರೆ ಸಾಕೇ? ಮೊಬೈಲಿನಲ್ಲಿ ಕಳಿಸಿದ ಚಿತ್ರ ನೋಡಿ ಸೂಚನೆ ಕೊಡಬಹುದೇ? ಕಾಯಿದೆಯನ್ನು ಬರೆದ ಕಾಲದಲ್ಲಿ ಈ ಪ್ರಶ್ನೆಗಳೇ ಇರಲಿಲ್ಲ. ಯಾವ ಕೆಲಸಕ್ಕೆ ಎದುರಿನಲ್ಲಿ ನಿಂತ ಮೇಲ್ವಿಚಾರಣೆ ಬೇಕು, ಯಾವುದಕ್ಕೆ ದೂರದ ಸೂಚನೆ ಸಾಕು, ಆ ಸೂಚನೆಯನ್ನು ಎಲ್ಲಿ ಬರೆದಿಡಬೇಕು ಎಂಬುದು ಸ್ಪಷ್ಟವಾಗಬೇಕು.

ಮೂರನೆಯದು ಕೆಲಸಗಳ ಪಟ್ಟಿ. ‘ಸಣ್ಣಪುಟ್ಟ’ ಎಂಬ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಹೇಳಬಹುದು. ಕೃತಕ ಗರ್ಭಧಾರಣೆ, ಹೊಟ್ಟೆಯುಬ್ಬರಕ್ಕೆ ಪ್ರಥಮೋಪಚಾರ, ರಕ್ತದ ಮಾದರಿ ತೆಗೆಯುವುದು, ಕಿವಿಗೆ ಬಿಲ್ಲೆ ಹಾಕುವುದು ಇವನ್ನೆಲ್ಲ ಹೆಸರಿಸಿ, ಪ್ರತಿಯೊಂದಕ್ಕೂ ಬೇಕಾದ ತರಬೇತಿಯನ್ನು ಹೇಳುವ ಪಟ್ಟಿಯನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ಪ್ಯಾರಿಸ್ಸಿನಲ್ಲಿರುವ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯು 2018ರಲ್ಲಿ ಪಶುವೈದ್ಯ ಸಹಾಯಕ ವೃತ್ತಿಯವರಿಗೆ ಇರಬೇಕಾದ ಸಾಮರ್ಥ್ಯಗಳ ಬಗ್ಗೆ ಮಾರ್ಗಸೂಚಿಯನ್ನು ಪ್ರಕಟಿಸಿದೆ. ಇದು ಆಧಾರವಾಗಬಲ್ಲದು.

ನಾಲ್ಕನೆಯದು ರಕ್ಷಣೆ ಮತ್ತು ಮರುತರಬೇತಿ. ನಡುರಾತ್ರಿ ಹೆರಿಗೆಗೆ ಕಷ್ಟಪಡುತ್ತಿರುವ ಹಸುವಿನ ಮುಂದೆ ಪರೀಕ್ಷಕರೊಬ್ಬರೇ ಇದ್ದಾರೆಂದು ಭಾವಿಸಿ. ಕೈಹಾಕದಿದ್ದರೆ ಊರವರ ನಿಷ್ಠುರ. ಕೈಹಾಕಿ ಹಸು ಸತ್ತರೆ ಕಾಯಿದೆ ಮೀರಿದ ಅಪವಾದ. ತುರ್ತು ಸಂದರ್ಭದಲ್ಲಿ, ಪಶುವೈದ್ಯರಿಗೆ ತಿಳಿಸಿದ ಮೇಲೆ, ಅವರು ಬರುವವರೆಗೆ ಏನೇನು ಮಾಡಬಹುದೆಂದು ನಿಯಮವೇ ಹೇಳಿದರೆ ಪರೀಕ್ಷಕರಿಗೂ ಧೈರ್ಯ, ರೈತನಿಗೂ ಅನುಕೂಲ. ನಿಯಮಗಳನ್ನು ಬಿಗಿ ಮಾಡುವುದರ ಜೊತೆಗೆ ಖಾಲಿ ಇರುವ ಪಶುವೈದ್ಯರ ಜಾಗಗಳನ್ನು ತುಂಬುವುದೂ ಅಷ್ಟೇ ಮುಖ್ಯ. ಕರೆದರೆ ಬರುವವರಿಲ್ಲದ ಕಡೆ ಕಾಯಿದೆಯ ಪುಸ್ತಕ ಹಸುವನ್ನು ಉಳಿಸಲಾರದು.

ರೈತರು ಗಮನಿಸಬೇಕಾದ ಅಂಶಗಳು

1. ಹತ್ತಿರದ ಪಶು ಆಸ್ಪತ್ರೆಯ ವೈದ್ಯಾಧಿಕಾರಿ ಮತ್ತು ಪರೀಕ್ಷಕರ ಹೆಸರು, ದೂರವಾಣಿ ಸಂಖ್ಯೆಗಳನ್ನು ಕೊಟ್ಟಿಗೆಯ ಗೋಡೆಯ ಮೇಲೆ ಬರೆದಿಡಬೇಕು. ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆಮಾಡಬಹುದು. ಇದಕ್ಕೆ ಕರೆಯ ಶುಲ್ಕವಿಲ್ಲ.

2. ಪರಿಚಯವಿಲ್ಲದವರು ಚಿಕಿತ್ಸೆಗೆ ಬಂದರೆ ಅವರ ಅರ್ಹತೆಯನ್ನು ಕೇಳಬೇಕು. ಪಶುವೈದ್ಯರಾದರೆ ನೋಂದಣಿ ಸಂಖ್ಯೆ ಇರುತ್ತದೆ. ಕೇಳುವುದು ಅಗೌರವವೆಂದು ಸಂಕೋಚಪಡಬೇಕಾಗಿಲ್ಲ.

3. ಔಷಧಿಗೆ ಬರೆದ ಚೀಟಿಯನ್ನು ಕೇಳಿ ಪಡೆದು ಜೋಪಾನ ಮಾಡಬೇಕು. ಎಷ್ಟು ದಿನ ಹಾಲನ್ನು ಡೈರಿಗೆ ಹಾಕಬಾರದೆಂದು ಅದರಲ್ಲಿಯೇ ಬರೆಸಿಕೊಳ್ಳಬೇಕು.

4. ಲಸಿಕೆ ಹಾಕಿದ ದಿನ, ಗರ್ಭಧಾರಣೆ ಮಾಡಿಸಿದ ದಿನ, ಕಿವಿಯ ಬಿಲ್ಲೆಯ 12 ಅಂಕಿಗಳು ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

5. ಹೋರಿಗಳ ಬೀಜವನ್ನು ಕಲ್ಲು ಕೋಲುಗಳಿಂದ ಒಡೆಸುವ ಹಳೆಯ ಕ್ರಮವನ್ನು ಬಿಡಬೇಕು. ನೋವು ಕಾಣದಂತೆ ಮದ್ದು ಕೊಟ್ಟು ಪಶುವೈದ್ಯರಿಂದ ಮಾಡಿಸುವುದು ಮೇಲು.

6. ಅಂಟುರೋಗದ ಸಂಶಯ ಬಂದೊಡನೆ ಪಂಚಾಯಿತಿಗೆ ಅಥವಾ ಪಶುವೈದ್ಯರಿಗೆ ತಿಳಿಸಬೇಕು. 2009ರ ಪ್ರಾಣಿ ಸಾಂಕ್ರಾಮಿಕ ರೋಗಗಳ ಕಾಯಿದೆಯಂತೆ ಇದು ರಾಸುವಿನ ಒಡೆಯರ ಕರ್ತವ್ಯ. ಸತ್ತ ದನವನ್ನು ಪಶುವೈದ್ಯರು ನೋಡುವವರೆಗೆ ಸೀಳಬಾರದು, ಚರ್ಮ ಸುಲಿಯಬಾರದು.

7. ಜಾತ್ರೆಗೆ ಗಾಡಿ ಕಟ್ಟುವ ರೈತರು ಒಂದು ತಿಂಗಳು ಮುಂಚೆಯೇ ಎತ್ತುಗಳಿಗೆ ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗದ ಲಸಿಕೆಗಳು ಆಗಿವೆಯೇ ಎಂದು ವಿಚಾರಿಸಬೇಕು. ಲಸಿಕೆ ಹಾಕಿದ ದಿನದಿಂದಲೇ ರಕ್ಷಣೆ ದೊರೆಯುವುದಿಲ್ಲ. ಎರಡು ಮೂರು ವಾರ ಬೇಕು. ಜ್ವರವಿರುವ, ಜೊಲ್ಲು ಸುರಿಸುವ, ಮೈಮೇಲೆ ಗಂಟೆದ್ದಿರುವ ರಾಸುಗಳನ್ನು ಕಟ್ಟಿಕೊಂಡು ಹೊರಡಬಾರದು.

ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆ, ಹಾಲು ಉತ್ಪಾದಕರ ಸಂಘದ ಸಭೆ ಮತ್ತು ಸ್ತ್ರೀಶಕ್ತಿ ಸಂಘಗಳಲ್ಲಿ ಈ ವಿಷಯಗಳನ್ನು ತಿಳಿಸಿಕೊಡಬೇಕು. ಕೊಟ್ಟಿಗೆಯ ಕೆಲಸದಲ್ಲಿ ಹೆಚ್ಚಿನ ಪಾಲು ಹೆಣ್ಣುಮಕ್ಕಳದು; ರಾಸುವಿನ ಕಾಯಿಲೆಯನ್ನು ಮೊದಲು ಗುರುತಿಸುವವರೂ ಬಹುಪಾಲು ಅವರೇ. ಆಯಾ ಗ್ರಾಮದಲ್ಲಿ ಯಾವ ಕೆಲಸಕ್ಕೆ ಯಾರನ್ನು ಕರೆಯಬೇಕೆಂಬ ಪಟ್ಟಿಯನ್ನು ಹಾಲಿನ ಡೈರಿಯ ಮುಂದೆ ತೂಗುಹಾಕಿದರೆ ತುಂಬಾ ಉಪಯೋಗವಾಗುತ್ತದೆ. ಅಂತಹ ಪಟ್ಟಿಯನ್ನು ಸಿದ್ಧಪಡಿಸಲು ಸ್ಥಳೀಯ ಪಶುವೈದ್ಯಾಧಿಕಾರಿಗಳ ನೆರವು ಪಡೆಯತಕ್ಕದ್ದು.